ಜಮೈಕಾದ ಬೇಯಿಸಿದ ಡಂಪ್ಲಿಂಗ್ ಮಾಡುವ ಕ್ರಮ

ಡಂಪ್ಲಿಂಗ್ ಎಂದೊಡನೆ ಹೂರಣ ತುಂಬಿದ ಮೋಮೋ ನೆನಪಾಗುವುದು ಸಹಜ. ಆದರೆ ಜಮೈಕಾದ ಮನೆಗಳಲ್ಲಿ ಆಕಿ ಎಂಬ ಹಣ್ಣು ಮತ್ತು ಉಪ್ಪುಮೀನಿನ ಜೊತೆಗೆ, ಬೇಯಿಸಿದ ಬಾಳೆಕಾಯಿ ಹಾಗೂ ಯಾಮ್ ಗೆಡ್ಡೆಯ ಪಕ್ಕದಲ್ಲಿ ಬಡಿಸುವ ಡಂಪ್ಲಿಂಗ್‌ಗೆ ಹೂರಣವಿಲ್ಲ. ಮೈದಾ, ಉಪ್ಪು, ನೀರು ಇಷ್ಟರಿಂದಲೇ ಅದು ಆಗುತ್ತದೆ. ಸಾಮಗ್ರಿ ಇಷ್ಟು ಕಡಿಮೆ ಇರುವುದರಿಂದಲೇ ಹಿಟ್ಟಿನ ಹದ ತಪ್ಪಿದರೆ ಅದನ್ನು ಮರೆಮಾಚಲು ಬೇರೇನೂ ಇರುವುದಿಲ್ಲ.

ಸುಮಾರು 250 ಗ್ರಾಂ ಮೈದಾಕ್ಕೆ ಅರ್ಧ ಚಮಚ ಉಪ್ಪು ಬೆರೆಸಿ, 130ರಿಂದ 140 ಮಿ.ಲೀ. ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸುತ್ತಾ ಕಲಸಬೇಕು. ಚಪಾತಿಯ ಹಿಟ್ಟಿನಷ್ಟು ಮೆತ್ತಗಾದರೆ ಕುದಿಯುವ ನೀರಿನಲ್ಲಿ ಹೊರಮೈ ಕರಗಿ ಲೋಳೆಯಾಗುತ್ತದೆ. ಆದ್ದರಿಂದ ಪೂರಿಯ ಹಿಟ್ಟಿನ ಗಟ್ಟಿತನವೇ ಸರಿ. ಮೊದಲಿಗೆ ಹಿಟ್ಟು ಒಣಗಿದಂತೆ, ಒಡೆದಂತೆ ಕಂಡರೂ ನೀರು ಹೆಚ್ಚಿಸದೆ ಏಳೆಂಟು ನಿಮಿಷ ಬಲವಾಗಿ ನಾದಿದರೆ ಗ್ಲುಟೆನ್ ಹಿಡಿದುಕೊಂಡು ಮೈ ನುಣುಪಾಗುತ್ತದೆ. ಬೆಂದ ಡಂಪ್ಲಿಂಗನ್ನು ಕಚ್ಚಿದಾಗ ಸಿಗಬೇಕಾದ ಬಿಗಿ ಹುಟ್ಟುವುದು ಈ ನಾದುವಿಕೆಯಿಂದಲೇ, ಹಾಗಾಗಿ ಇಲ್ಲಿ ಅವಸರ ಮಾಡಬಾರದೆಂಬುದು ನನ್ನ ಕಳಕಳಿಯ ಮಾತು. ನಂತರ ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಮೈದಾದ ಕಾಲು ಭಾಗದಷ್ಟನ್ನು ತೆಗೆದು ಸಣ್ಣ ಮೆಕ್ಕೆಜೋಳದ ರವೆ ಸೇರಿಸುವ ರೂಢಿಯೂ ಅಲ್ಲಿದೆ. ಅದರಿಂದ ತುಸು ತರಿ, ತುಸು ಸಿಹಿ ಬರುತ್ತದೆ.

ಹಿಟ್ಟನ್ನು ಎಂಟು ಉಂಡೆ ಮಾಡಿ, ಅಂಗೈಯಲ್ಲಿ ಒತ್ತಿ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಯಾಗಿಸಿ, ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ ಮಾಡಬೇಕು. ಈ ಗುಳಿ ಅಲಂಕಾರಕ್ಕಲ್ಲ. ನಡುಭಾಗ ತೆಳುವಾದಾಗ ಅಂಚಿನೊಂದಿಗೇ ಬೇಯುತ್ತದೆ. ಅಗಲವಾದ ಪಾತ್ರೆಯಲ್ಲಿ ಉಪ್ಪುನೀರು ಜೋರಾಗಿ ಕುದಿಯುತ್ತಿರುವಾಗ ಒಂದೊಂದಾಗಿ ಬಿಟ್ಟು, ತಳ ಹಿಡಿಯದಂತೆ ಒಮ್ಮೆ ಮೆಲ್ಲಗೆ ಕದಡಿ, 12ರಿಂದ 15 ನಿಮಿಷ ಬೇಯಿಸಿ. ತೇಲಿದ ಮಾತ್ರಕ್ಕೆ ಬೆಂದಿತೆಂದು ತಿಳಿಯಬಾರದು. ಒಂದನ್ನು ಕತ್ತರಿಸಿ ನೋಡಿ, ಒಳಗೆ ಹಸಿ ಹಿಟ್ಟಿನ ಗೆರೆ ಕಂಡರೆ ಇನ್ನೆರಡು ನಿಮಿಷ ಬಿಡಿ.

ಇದೇ ಹಿಟ್ಟಿನಿಂದ ‘ಸ್ಪಿನ್ನರ್’ ಎಂಬ ಇನ್ನೊಂದು ಬಗೆಯನ್ನೂ ಮಾಡುತ್ತಾರೆ. ಗೋಲಿಯಷ್ಟು ಹಿಟ್ಟನ್ನು ಬತ್ತಿ ಹೊಸೆಯುವಂತೆ ಎರಡು ಅಂಗೈಗಳ ನಡುವೆ ಹೊಸೆದರೆ ತುದಿ ಚೂಪಾದ, ಬೆರಳಿನಂಥ ತುಂಡು ಸಿದ್ಧವಾಗುತ್ತದೆ. ಇದನ್ನು ನೀರಿನಲ್ಲಿ ಬೇಯಿಸದೆ ಸಾರಿನಲ್ಲೇ ಬೇಯಿಸುವುದು ಕ್ರಮ. ಉಪ್ಪಿನಲ್ಲಿಟ್ಟ ಮಾಂಸ ಹಾಕಿ ಮಾಡುವ ‘ಸ್ಟ್ಯೂ ಪೀಸ್’ ಎಂಬ ರಾಜ್ಮಾ ಅಡುಗೆಗೆ ಸ್ಪಿನ್ನರ್ ಬೇಕೇ ಬೇಕು. ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಧರ್ಮಪಂಥದವರ ‘ಐಟಲ್’ ಆಹಾರ ಪದ್ಧತಿಯಲ್ಲಿ ಮಾಂಸವನ್ನು ಬಿಟ್ಟೇ ಮಾಡುವುದರಿಂದ ಸಸ್ಯಾಹಾರಿಗಳು ಆ ದಾರಿಯನ್ನು ಹಿಡಿಯಬಹುದು: ರಾತ್ರಿ ನೆನೆಸಿದ ರಾಜ್ಮಾವನ್ನು ಮೆತ್ತಗೆ ಬೇಯಿಸಿ, ತೆಂಗಿನ ಹಾಲು, ಈರುಳ್ಳಿ ಸೊಪ್ಪು, ಥೈಮ್ ಎಲೆ ಮತ್ತು ಸೀಳದ ಇಡೀ ಮೆಣಸಿನಕಾಯಿ ಹಾಕಿ ಕುದಿಸಿ, ಇಳಿಸುವ 15 ನಿಮಿಷ ಮೊದಲು ಸ್ಪಿನ್ನರ್‌ಗಳನ್ನು ಬಿಡಿ. ಅವುಗಳಿಂದ ಇಳಿದ ಪಿಷ್ಟವೇ ಸಾರನ್ನು ಮಂದ ಮಾಡುತ್ತದೆ, ಬೇರೆ ಹಿಟ್ಟು ಕದಡಿ ಹಾಕಬೇಕಾಗಿಲ್ಲ. ಮೆಣಸಿನಕಾಯಿ ಒಡೆಯುವ ಮೊದಲೇ ಅದನ್ನು ಎತ್ತಿ ತೆಗೆಯಿರಿ.