ಕ್ಯಾಂಟನ್ ಕೋಠಿಗಳ ಕರಡು ಕೊನೆಗೂ ಕೂತಿತು

‘ಈ ಕಾಲದಲ್ಲಿ ರಟ್ಟು ಕತ್ತರಿಸ್ಕೊಂಡು ಕೂತಿದ್ದೀಯಲ್ಲ ಮಾರಾಯ, ಕಂಪ್ಯೂಟರಲ್ಲಿ ಎಬ್ಬಿಸಿಬಿಡು’ ಅಂತ ನಕ್ಕವರಿಗೆಲ್ಲ ಮೊನ್ನೆ ಫೋಟೊ ಕಳಿಸಿದೆ. ಆರಡಿ ಉದ್ದದ ಪೆನ್ಸಿಲ್ ಕರಡು: 1800ರ ಆಸುಪಾಸಿನ ಕ್ಯಾಂಟನ್ (ಚೀನಾದ ಬಂದರು, ಇಂದಿನ ಗುವಾಂಗ್‌ಝೌ), ಅಲ್ಲಿ ಪರ್ಲ್ ನದಿ ದಂಡೆಯ ಹದಿಮೂರು ಕೋಠಿಗಳು, ಅಂದರೆ ವಿದೇಶಿ ವರ್ತಕರ ವ್ಯಾಪಾರದ ಮನೆಗಳು. ಚಹಾ ವ್ಯಾಪಾರಿಯೊಬ್ಬರ ಗೋಡೆಗೆ.

ಮೊದಲ ಕರಡು ಕೆಟ್ಟದ್ದು ನನ್ನ ಆತುರದಿಂದ. ಸಿಕ್ಕ ಹಳೇ ಚಿತ್ರಗಳನ್ನೆಲ್ಲ ಬೆರೆಸಿದೆ. ಕೋಠಿಗಳ ಮುಂದೆ ತೋಟ, ಅದರಲ್ಲೊಂದು ಚರ್ಚು. ಚೆಂದವೇ ಇತ್ತು. ಆದರೆ ಅವು ಬಂದದ್ದು ಬ್ರಿಟನ್–ಚೀನಾ ನಡುವಿನ ಮೊದಲ ಅಫೀಮು ಯುದ್ಧದ (1839–42) ನಂತರ! 1822ರ ಬೆಂಕಿಯಲ್ಲಿ ಕೋಠಿಗಳು ಸುಟ್ಟ ಮೇಲೆ ಹೊಸದಾಗಿ ಕಟ್ಟಿದ ಕಟ್ಟಡದ ಮುಖಗಳೂ ನುಸುಳಿದ್ದವು. ಎರಡು ವಾರದ ಕೆಲಸ, ಕಾಗದದ ಸುರುಳಿ ಸೇರಿ 4 ಸಾವಿರ ರೂಪಾಯಿಯಷ್ಟು ನೀರಿಗೆ ಹೋಯಿತು. ಮುಂಗಡ ಬಂದದ್ದೇ 15 ಸಾವಿರ.

ಎರಡನೇ ಸಲ, ಕೋಠಿಗಳ ಮುಂದೆ ಹಾರುತ್ತಿದ್ದ ದೇಶದೇಶದ ಬಾವುಟ ನೋಡಿ ಹಳೇ ಚಿತ್ರಗಳ ಕಾಲ ಹಿಡಿದೆ. ಅಮೆರಿಕದ ಮೊದಲ ಹಡಗು ಬಂದದ್ದು 1784ರಲ್ಲಿ. ಅವರ ಬಾವುಟವಿಲ್ಲದ ಚಿತ್ರಗಳೆಲ್ಲ ಪಕ್ಕಕ್ಕೆ. ಆದರೂ ನಡುವೆ ಒಂದೇ ಕಡೆ ನಿಂತು ಕಂಡಂತೆ ಇಡೀ ಸಾಲನ್ನು ಎಳೆದೆ ನೋಡಿ, ತುದಿಯ ಕೋಠಿಗಳು ರಬ್ಬರಿನಂತೆ ಜಗ್ಗಿಕೊಂಡವು.

ದಾರಿ ತೋರಿಸಿದ್ದು ಅಂದಿನ ಪಿಂಗಾಣಿ ಪಂಚ್ ಬಟ್ಟಲುಗಳು, ಅಂದರೆ ಪಂಚ್ ಎಂಬ ಪಾನೀಯ ಬೆರೆಸುವ ದೊಡ್ಡ ಬಟ್ಟಲುಗಳು. ಬಟ್ಟಲಿನ ಸುತ್ತ ಇಡೀ ಸಾಲು ಬರೆದ ಚೀನೀ ಕಲಾವಿದರು ಪ್ರತಿ ಕೋಠಿಯನ್ನೂ ಎದುರಿಗೇ ನಿಂತಂತೆ ಬರೆದಿದ್ದಾರೆ. ಸಾಲಿನ ಉದ್ದ ಸುಮಾರು 300 ಮೀಟರ್, ಸೆಂಟಿಮೀಟರಿಗೆ ಎರಡು ಮೀಟರ್ ಲೆಕ್ಕ. ಒಂದೊಂದು ಮುಖವನ್ನೂ ರಟ್ಟಿನಲ್ಲಿ ಕತ್ತರಿಸಿ ಪಟ್ಟಿಯ ಮೇಲೆ ನಿಲ್ಲಿಸಿದೆ. ಹಂದಿ ಓಣಿ, ಅಂದರೆ ಹಾಗ್ ಲೇನ್, ಮತ್ತು ಇಂಗ್ಲಿಷ್ ಕೋಠಿಯ ಕಂಬಸಾಲು ಗಟ್ಟಿಯಾಗಿ ಕೂತ ಮೇಲೆ ಉಳಿದವು ತಾವಾಗಿಯೇ ಜಾಗ ಹುಡುಕಿಕೊಂಡವು. ಐದು ಕಡೆ ಕೂತು ನೋಡಿ ಐದು ತುಂಡು ಬರೆದೆ. ತುಂಡುಗಳ ಬೆಸುಗೆಯನ್ನು ದೋಣಿಗಳ ಹಿಂದೆ ಹೇಗೆ ಮುಚ್ಚಿದೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು. ಭಾರತಕ್ಕೆ ಬರುವ ಮೊದಲು, 1785ರಲ್ಲಿ, ಡ್ಯಾನಿಯಲ್ ಜೋಡಿ (ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ಅವನ ಅಣ್ಣತಮ್ಮಂದಿರ ಮಗ ವಿಲಿಯಂ) ಚೀನಾ ಮುಟ್ಟಿತ್ತು. ಚಿತ್ರಕ್ಕೆ ಕ್ಯಾಮೆರಾ ಅಬ್ಸ್ಕ್ಯೂರಾ, ಅಂದರೆ ಎದುರಿನ ದೃಶ್ಯವನ್ನು ಒಳಗೆ ಮೂಡಿಸಿ ಅದರ ಮೇಲೆ ಗೆರೆ ಎಳೆಯಲು ಬಿಡುವ ಕತ್ತಲೆ ಪೆಟ್ಟಿಗೆ, ಬಳಸುತ್ತಿದ್ದವರು. ನಾನೂ 900 ರೂಪಾಯಿ ಸುರಿದು ಪೆಟ್ಟಿಗೆ ಮಾಡಿದೆ. ರಟ್ಟಿನ ಸಾಲು ಮಸುಕಾಗಿ ಕಂಡಿತು, ಗೆರೆ ಒಂದೂ ಸಿಗಲಿಲ್ಲ. ಈಗ ಅದರಲ್ಲಿ ಕುಂಚ ಇಡುತ್ತೇನೆ.

ಜಗಲಿಯ ಮೇಲೆ ಮೇಡಂಗಳನ್ನು ಬರೆಯಿರಿ ಎಂದರು ವ್ಯಾಪಾರಿ. ವಿದೇಶಿ ಹೆಂಗಸರಿಗೆ ಆಗ ಕ್ಯಾಂಟನ್ನಿಗೆ ಪ್ರವೇಶವೇ ಇರಲಿಲ್ಲ, ಆಗಲ್ಲ ಅಂದೆ. ಬದಲಿಗೆ ಒಂದು ದೋಣಿಯಲ್ಲಿ ಮೈಸೂರು ಸೀಮೆಯ ಗಂಧದ ಕೊರಡು ಪೇರಿಸಿದೆ. ಆ ಸರಕು ಚೀನಾಕ್ಕೆ ಹೋಗುತ್ತಿದ್ದದ್ದು ನಿಜ. ಅವರು ಬಗ್ಗಿ ನೋಡಿ ಕೇಳಿದ್ದು: ‘ಸೌದೆ ಯಾಕ್ರೀ ಇಲ್ಲಿ?’