ಪೇಟೆಂಟ್ ಉಳಿಸಿಕೊಳ್ಳುವ ಖರ್ಚು: ನಾನು ಹಾಕಿದ ಲೆಕ್ಕ

ಅಡಿಕೆ ಸುಲಿಯುವ ಯಂತ್ರದ ಬ್ಲೇಡ್ ಜೋಡಣೆಗೆ ನಾನು ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಸಲ್ಲಿಸಿದ್ದು 2016ರ ಜೂನ್‌ನಲ್ಲಿ. ಪೇಟೆಂಟ್ ಮಂಜೂರಾಗಿ ರಿಜಿಸ್ಟರಿನಲ್ಲಿ ದಾಖಲಾದದ್ದು 2022ರ ಮಾರ್ಚ್‌ನಲ್ಲಿ. 20 ವರ್ಷಗಳ ಅವಧಿಯನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಎಣಿಸುವುದರಿಂದ, ಅಷ್ಟರಲ್ಲಿ ಆರನೆಯ ವರ್ಷ ನಡೆಯುತ್ತಿತ್ತು ಮತ್ತು ಮೂರನೆಯ ವರ್ಷದಿಂದೀಚೆಗಿನ ನವೀಕರಣ ಶುಲ್ಕವೆಲ್ಲ ಬಾಕಿಯಿತ್ತು. ದಾಖಲಾದ ಮೂರು ತಿಂಗಳೊಳಗೆ ಅದನ್ನು ಒಟ್ಟಿಗೆ ಕಟ್ಟಬೇಕು. ವರ್ಷಕ್ಕೆ 800 ರೂಪಾಯಿಯಂತೆ 3,200 ಕಟ್ಟಿದೆ. ಅದರ ಬೆನ್ನಿಗೇ ಏಳನೆಯ ವರ್ಷದ 2,400.

ಆನ್‌ಲೈನ್‌ನಲ್ಲಿ ಕಟ್ಟುವ ವ್ಯಕ್ತಿಗೆ ಮೂರರಿಂದ ಆರನೆಯ ವರ್ಷದವರೆಗೆ 800, ಹತ್ತರವರೆಗೆ 2,400, ಹದಿನೈದರವರೆಗೆ 4,800, ಕೊನೆಯ ಐದು ವರ್ಷಗಳಿಗೆ 8,000 ರೂಪಾಯಿ ವಾರ್ಷಿಕ ಶುಲ್ಕ. ಪೂರ್ಣಾವಧಿಗೆ ಒಟ್ಟು 76,800 ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 40,000, ಕೊನೆಯ ಐದು ವರ್ಷಗಳದ್ದೇ. ದೊಡ್ಡ ಕಂಪನಿಗೆ ಇದೆಲ್ಲ ಐದು ಪಟ್ಟು. ಹೀಗೆ ಏರುವ ಶುಲ್ಕದಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ: ಸಂಪಾದನೆ ತರದ ಪೇಟೆಂಟನ್ನು ಯಾರೂ ಸುಮ್ಮನೆ ಹಿಡಿದಿಟ್ಟುಕೊಳ್ಳಬಾರದು.

ಗಡುವು ದಾಟಿದರೆ ತಿಂಗಳಿಗೆ 480 ರೂಪಾಯಿ ಹೆಚ್ಚುವರಿ ಕೊಟ್ಟು ಗರಿಷ್ಠ ಆರು ತಿಂಗಳು ಕಾಲಾವಕಾಶ ಪಡೆಯಬಹುದು. ಆಗಲೂ ಕಟ್ಟದಿದ್ದರೆ ಹಕ್ಕು ಕೊನೆಗೊಳ್ಳುತ್ತದೆ. ಅದನ್ನು ಮರಳಿ ಪಡೆಯಲು 18 ತಿಂಗಳೊಳಗೆ ಬೇರೆ ಅರ್ಜಿ ಹಾಕಿ, ಉದ್ದೇಶಪೂರ್ವಕವಾಗಿ ಬಿಟ್ಟಿದ್ದಲ್ಲ ಎಂದು ತೋರಿಸಿಕೊಡಬೇಕು. ದಿನಾಂಕ ನೆನಪಿಟ್ಟುಕೊಂಡು ಶುಲ್ಕ ಕಟ್ಟಿಕೊಡಲು ಪೇಟೆಂಟ್ ಏಜೆಂಟರು ಪಡೆಯುವ ಸೇವಾಶುಲ್ಕ, ನನ್ನಂಥವನ ವಿಷಯದಲ್ಲಿ, ಮೂಲ ಶುಲ್ಕವನ್ನೇ ಮೀರಬಹುದಾದ್ದರಿಂದ ಆ ಕೆಲಸವನ್ನು ನಾನೇ ಮಾಡುತ್ತೇನೆ. ಇದರೊಂದಿಗೆ, ಪೇಟೆಂಟ್ ಬಳಕೆಯಲ್ಲಿದೆಯೇ ಎಂದು ತಿಳಿಸುವ ಫಾರ್ಮ್ 27 ಇದೆ. ಪೇಟೆಂಟ್ ನಿಯಮಗಳ 2024ರ ತಿದ್ದುಪಡಿಯ ನಂತರ ಅದನ್ನು ಮೂರು ಹಣಕಾಸು ವರ್ಷಗಳಿಗೊಮ್ಮೆ ಸಲ್ಲಿಸಿದರೆ ಸಾಕು.

ಅದೇ ತಿದ್ದುಪಡಿಯ ಪ್ರಕಾರ, ಕನಿಷ್ಠ ನಾಲ್ಕು ವರ್ಷಗಳ ಶುಲ್ಕವನ್ನು ಆನ್‌ಲೈನ್‌ನಲ್ಲಿ ಮುಂಗಡವಾಗಿ ಕಟ್ಟಿದವರಿಗೆ ಶೇ. 10 ರಿಯಾಯಿತಿಯಿದೆ. ಹನ್ನೊಂದರಿಂದ ಹದಿನಾಲ್ಕನೆಯ ವರ್ಷದವರೆಗಿನ 19,200 ರೂಪಾಯಿಯಲ್ಲಿ ನನಗೆ 1,920 ಉಳಿಯುತ್ತಿತ್ತು. ಆದರೆ ಬ್ಲೇಡಿನ ವಿನ್ಯಾಸ ಈಗಾಗಲೇ ಬದಲಾಗುತ್ತಿದ್ದು, ಹಳೆಯ ಜೋಡಣೆಗೆ ಇನ್ನೆಷ್ಟು ಕಾಲ ಬೇಡಿಕೆಯಿರುತ್ತದೆಂಬ ಖಾತ್ರಿಯಿಲ್ಲದ ಕಾರಣ, ರಿಯಾಯಿತಿ ಬಿಟ್ಟು ಒಂದೊಂದೇ ವರ್ಷದ ಶುಲ್ಕ ಕಟ್ಟುವುದೆಂದು ನಿರ್ಧರಿಸಿದ್ದೇನೆ.