ಕೌಂಟರಿನಲ್ಲಿ ನಂಬರ್, ಲಾಡ್ಜಿನಲ್ಲಿ ಆಧಾರ್, ಗೇಟಿನಲ್ಲಿ ಫೋಟೋ: ಜಗಳ ಮಾಡದೆ ‘ಬೇಡ’ ಅನ್ನುವುದು ಹೇಗೆ

ಒಂದು ಸೋಪು, ಎರಡು ಬಿಸ್ಕೆಟ್ ಪ್ಯಾಕೆಟ್ ತೆಗೆದುಕೊಂಡರೂ ಬಿಲ್ಲಿಂಗ್ ಹುಡುಗ ಮೊದಲು ಕೇಳುವುದು ‘ನಂಬರ್ ಹೇಳಿ ಸರ್’. ನಾವೂ ಹೇಳಿಬಿಡುತ್ತೇವೆ. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿರುತ್ತಾರೆ, ಅವರ ಎದುರು ಸುಮ್ನೆ ಯಾಕೆ ವಾದ ಅಂತ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು ಒಪ್ಪಿ ಕೊಡುವುದಿಲ್ಲ, ಸಂಕೋಚಕ್ಕೆ ಕೊಡುತ್ತೇವೆ. ಈ ಬರಹ ಆ ಸಂಕೋಚಕ್ಕೆ. ಸ್ಮಾರ್ಟ್‌ಫೋನ್ ಬಿಸಾಕಿ ತೋಟದ ಮನೆಗೆ ಹೋಗಿಬಿಡಿ ಅನ್ನುವ ಉಪದೇಶ ಇಲ್ಲಿಲ್ಲ. ನಾನೂ ಯುಪಿಐನಲ್ಲೇ ತರಕಾರಿ ತರುವವನು.

ಮೊದಲು ಒಂದು ವ್ಯತ್ಯಾಸ ನೋಡಿ. ತೋರಿಸುವುದು ಬೇರೆ, ಕೊಡುವುದು ಬೇರೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಂಗಸರು ಕಾರ್ಡ್ ತೋರಿಸುತ್ತಾರೆ, ಕಂಡಕ್ಟರ್ ನೋಡಿ ಉಚಿತ ಟಿಕೆಟ್ ಕೊಡುತ್ತಾರೆ, ಕಾರ್ಡ್ ವಾಪಸ್ ಪರ್ಸಿಗೆ ಹೋಗುತ್ತದೆ. ಲಾಡ್ಜಿನಲ್ಲಿ ಅದೇ ಕಾರ್ಡನ್ನು ಜೆರಾಕ್ಸ್ ಮಾಡಿ ಫೈಲಿಗೆ ಹಾಕುತ್ತಾರೆ, ಇಲ್ಲವೇ ‘ಒಂದು ಫೋಟೋ ವಾಟ್ಸಾಪ್ ಮಾಡಿಬಿಡಿ’ ಅನ್ನುತ್ತಾರೆ. ಎಷ್ಟೋ ಸಲ ಆ ವಾಟ್ಸಾಪ್ ನಂಬರ್ ರಿಸೆಪ್ಷನ್ನಿನಲ್ಲಿ ಕೂತವನ ಸ್ವಂತದ್ದು. ಅವನು ನಾಳೆ ಕೆಲಸ ಬಿಟ್ಟರೆ ನಿಮ್ಮ ಕಾರ್ಡೂ ಅವನ ಜೊತೆಗೇ ಹೋಯಿತು. ಆದ್ದರಿಂದ ಎಲ್ಲೇ ಕೇಳಿದರೂ ಮೊದಲ ಪ್ರಯತ್ನ ತೋರಿಸುವುದರಲ್ಲಿ ಮುಗಿಸುವುದು.

ಅದರಲ್ಲಿ ಮುಗಿಯದಿದ್ದರೆ ಕೇಳಬೇಕಾದ್ದು ಮೂರು. ಇದು ಯಾಕೆ ಬೇಕು? ಕೊಡದಿದ್ದರೆ ಏನಾಗುತ್ತದೆ? ಬೇರೆ ದಾರಿ ಏನಿದೆ? ಕೆಲಸಕ್ಕೆ ಬರುವುದು ಮೂರನೆಯದೇ. ‘ಯಾಕೆ’ ಅಂತ ಕೇಳಿದರೆ ‘ರೂಲ್ಸ್ ಸರ್’ ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ‘ನಂಬರ್ ಇಲ್ಲದವರು ಬಂದರೆ ಏನು ಮಾಡುತ್ತೀರಿ?’ ಅಂತ ಕೇಳಿ ನೋಡಿ. ಯಾವುದೋ ಒಂದು ದಾರಿ ಇದ್ದೇ ಇರುತ್ತದೆ, ಯಾಕೆಂದರೆ ಅಂಥವರು ಅವರ ಹತ್ತಿರ ದಿನಾ ಬರುತ್ತಾರೆ.

ಅಂಗಡಿಯ ಕೌಂಟರ್

ಇಲ್ಲಿ ಕಾನೂನು ನಿಮ್ಮ ಕಡೆ ಸಾಕಷ್ಟು ಇದೆ. 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಮೊಬೈಲ್ ನಂಬರ್ ಕೊಡಲೇಬೇಕು, ಇಲ್ಲದಿದ್ದರೆ ಬಿಲ್ ಹಾಕುವುದಿಲ್ಲ ಅಂತ ಅಂಗಡಿಯವರು ಹಟ ಹಿಡಿಯಬಾರದು, ಅದು ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಅಂತ ಹೇಳಿದೆ. ಹಾಗಂತ ಕಾಯ್ದೆಯ ಹೆಸರು ಹೇಳಿ ಬಿಲ್ಲಿಂಗ್ ಹುಡುಗನ ಮೇಲೆ ಏರಿ ಹೋಗಬೇಡಿ. ಅವನಿಗೆ ದಿನಕ್ಕೆ ಇಷ್ಟು ನಂಬರ್ ಸೇರಿಸಬೇಕು ಅಂತ ಮೇಲಿನಿಂದ ಒತ್ತಡ ಇರಬಹುದು. ಆ ಪದ್ಧತಿ ಮಾಡಿದವನು ಅವನಲ್ಲ.

ಹೇಳುವ ಸಮಯ ಮುಖ್ಯ. ಸಾಮಾನು ಸ್ಕ್ಯಾನ್ ಮಾಡುವ ಮೊದಲೇ, ನಗುತ್ತಾ, ‘ನಂಬರ್ ಹಾಕುವುದು ಬೇಡ, ಪಾಯಿಂಟ್ಸೂ ಬೇಡ, ಹಾಗೇ ಬಿಲ್ ಮಾಡಿ’ ಅಂದುಬಿಡಿ. ಎಲ್ಲ ಮುಗಿದ ಮೇಲೆ ಹೇಳಿದರೆ ಅವನಿಗೂ ಕಿರಿಕಿರಿ, ಹಿಂದಿನವರಿಗೂ ಕಿರಿಕಿರಿ. ‘ಸಿಸ್ಟಮ್ ಮುಂದಕ್ಕೆ ಹೋಗಲ್ಲ ಸರ್’ ಅಂದರೆ ‘ಅಂಗಡಿಯ ನಂಬರೇ ಹಾಕಿ’ ಅನ್ನಿ. ಹೆಚ್ಚಿನ ಕಡೆ ಅಷ್ಟಕ್ಕೇ ಮುಗಿಯುತ್ತದೆ. ತೀರಾ ಹಟ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೆಲವರು ಬಾಯಿಗೆ ಬಂದ ಹತ್ತು ಅಂಕಿ ಹೇಳಿ ಬರುತ್ತಾರೆ, ಅದನ್ನು ಜಾಣತನ ಅಂದುಕೊಂಡಿದ್ದಾರೆ. ಆ ನಂಬರ್ ಯಾರದ್ದೋ ಆಗಿರುತ್ತದೆ. ನಿಮಗೆ ಬೇಡವಾದ ಮೆಸೇಜುಗಳು ಆ ಪಾಪದವರಿಗೆ ಹೋಗುತ್ತವೆ. ಬೇಡ ಅಂದರೆ ಬೇಡ ಅನ್ನಿ, ಅಷ್ಟೆ.

ಇನ್ನೊಂದು, ಓಟಿಪಿ. ‘ಪಾಯಿಂಟ್ಸ್‌ಗೆ ಒಂದು ಓಟಿಪಿ ಬಂದಿದೆ ಹೇಳಿ’ ಅಂದಾಗ, ಹೇಳುವ ಮುಂಚೆ ಆ ಮೆಸೇಜನ್ನು ಪೂರ್ತಿ ಓದಿ. ಎಷ್ಟೋ ಸಲ ಅದು ಜಾಹೀರಾತು ಕಳಿಸಲು ನೀವು ಕೊಡುವ ಒಪ್ಪಿಗೆ. ನೀವೇ ಒಪ್ಪಿದ ಮೇಲೆ 1909ಕ್ಕೆ ಮೆಸೇಜ್ ಮಾಡಿ ಡಿಎನ್‌ಡಿ (ಜಾಹೀರಾತು ಕರೆ, ಮೆಸೇಜು ಬೇಡ ಅನ್ನುವ ನೋಂದಣಿ) ಹಾಕಿಸಿದ್ದರೂ ಆ ಅಂಗಡಿಯ ಮೆಸೇಜು ಬರುತ್ತಲೇ ಇರಬಹುದು. ಫ್ರಿಜ್ಜು, ಮಿಕ್ಸಿ, ಮೊಬೈಲ್ ಕೊಂಡಾಗ ಮಾತ್ರ ವಾರಂಟಿಗೆ ನಂಬರ್ ಬೇಕಾಗುತ್ತದೆ, ಅಲ್ಲಿ ಕೊಡಿ. ಎಲ್ಲದಕ್ಕೂ ಬೇಡ ಅನ್ನುವುದು ನನಗೇನೂ ದೊಡ್ಡ ಸಾಧನೆಯಾಗಿ ಕಾಣುವುದಿಲ್ಲ.

ಆಧಾರ್: ಇಲ್ಲಿ ಸ್ವಲ್ಪ ನಿಧಾನ

ಮೊದಲೇ ಹೇಳಿಬಿಡುತ್ತೇನೆ, ಕೆಲವು ಕಡೆ ‘ಬೇಡ’ ನಡೆಯುವುದಿಲ್ಲ. ಬೆಂಗಳೂರಿನಲ್ಲಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 80 ದಾಟಿದ ಮೇಲೆ, 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಲೆಕ್ಕ ಹೀಗಾಯಿತು: ಸರ್ಕಾರದ ಸಹಾಯಧನ, ಪಡಿತರ, ಪ್ಯಾನ್ ಜೋಡಣೆ ಇವಕ್ಕೆ ಆಧಾರ್ ಬೇಕು. ಬ್ಯಾಂಕ್ ಖಾತೆ, ಸಿಮ್, ಶಾಲೆಗೆ ಮಗುವನ್ನು ಸೇರಿಸುವುದು ಇವಕ್ಕೆ ಕಡ್ಡಾಯ ಮಾಡುವಂತಿಲ್ಲ. ಲಾಡ್ಜು, ಪಿಜಿ, ಜಿಮ್ ಬಗ್ಗೆ ಹೇಳಲೇಬೇಕಿಲ್ಲ. ಅಲ್ಲಿ ಬೇಕಾಗಿರುವುದು ಫೋಟೋ ಇರುವ ಒಂದು ಗುರುತಿನ ಚೀಟಿ. ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಸಾಕು. ಪರ್ಸಿನಲ್ಲಿ ಮೇಲಿನ ಖಾನೆಯಲ್ಲಿ ಲೈಸೆನ್ಸ್ ಇಡಿ, ಆಧಾರ್ ಮನೆಯಲ್ಲಿರಲಿ. ಇದೊಂದೇ ಅಭ್ಯಾಸ ಅರ್ಧ ಕೆಲಸ ಮುಗಿಸುತ್ತದೆ.

ಲೈಸೆನ್ಸ್ ಇಲ್ಲದವರು ಮಾಸ್ಕ್ಡ್ ಆಧಾರ್ ಇಟ್ಟುಕೊಳ್ಳಿ. ಮೈಆಧಾರ್ ಪೋರ್ಟಲಿಗೆ ಹೋಗಿ, ನಂಬರ್ ಮತ್ತು ಓಟಿಪಿ ಹಾಕಿ ಒಳಗೆ ಹೋದರೆ ಡೌನ್‌ಲೋಡ್ ಜಾಗದಲ್ಲಿ ‘ಮಾಸ್ಕ್ಡ್ ಆಧಾರ್ ಬೇಕೇ’ ಅಂತ ಒಂದು ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಬರುವ ಪಿಡಿಎಫ್‌ನಲ್ಲಿ ಮೊದಲ ಎಂಟು ಅಂಕಿ ಮುಚ್ಚಿರುತ್ತದೆ, ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಪಾಸ್‌ವರ್ಡ್ ಏನಪ್ಪಾ ಅಂತ ಎಲ್ಲರೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ: ಆಧಾರಿನಲ್ಲಿ ಇರುವ ಹಾಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಕೊಂಡು ಹುಟ್ಟಿದ ವರ್ಷ. ನಾಲ್ಕು ಪ್ರಿಂಟ್ ತೆಗೆದಿಡಿ. ಜೆರಾಕ್ಸ್ ಕೊಡಲೇಬೇಕಾಗಿ ಬಂದಾಗ ಅದರ ಮೇಲೆ ಅಡ್ಡಲಾಗಿ, ಪೆನ್ನಿನಲ್ಲಿ, ಯಾವ ಕೆಲಸಕ್ಕೆ ಮತ್ತು ಯಾವ ದಿನಾಂಕ ಅಂತ ಬರೆದು ಸಹಿ ಹಾಕಿ. ಆಮೇಲೆ ಅದೇ ಪ್ರತಿಯಲ್ಲಿ ಬೇರೆ ಕೆಲಸ ಮಾಡಿಸುವುದು ಅಷ್ಟು ಸುಲಭ ಆಗುವುದಿಲ್ಲ.

ಇದು ಅತಿ ಎಚ್ಚರಿಕೆ ಅನ್ನಿಸಬಹುದು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಆಧಾರ್ ಜೆರಾಕ್ಸ್ ಯಾವ ಸಂಸ್ಥೆಗೂ ಕೊಡಬೇಡಿ, ಮಾಸ್ಕ್ಡ್ ಪ್ರತಿ ಬಳಸಿ ಅಂತ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರು. ಎರಡೇ ದಿನಕ್ಕೆ ಸರ್ಕಾರ ಅದನ್ನು ವಾಪಸ್ ಪಡೆದು, ತಪ್ಪು ಅರ್ಥ ಆಗಬಹುದು, ಸಾಮಾನ್ಯ ಎಚ್ಚರಿಕೆ ಇದ್ದರೆ ಸಾಕು ಅಂದಿತು. ಸಾಮಾನ್ಯ ಎಚ್ಚರಿಕೆ ಅಂದರೆ ಎಷ್ಟು ಅಂತ ಅವರು ಹೇಳಲಿಲ್ಲ, ನಾವು ನಾವೇ ಲೆಕ್ಕ ಹಾಕಿಕೊಳ್ಳಬೇಕು ಅಲ್ವಾ.

ನಿಜವಾಗಿ ಹೆದರಬೇಕಾದ್ದು ಬೆರಳಚ್ಚಿಗೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಎಇಪಿಎಸ್ (ಆಧಾರ್ ಆಧಾರಿತ ಪಾವತಿ ವ್ಯವಸ್ಥೆ) ಮೂಲಕ ದುಡ್ಡು ತೆಗೆಯಬಹುದು, ಓಟಿಪಿ ಕೇಳುವುದಿಲ್ಲ. ಹಳ್ಳಿಯಲ್ಲಿ ಎಟಿಎಂ ಇಲ್ಲದ ಕಡೆ ಅದು ದೊಡ್ಡ ಅನುಕೂಲ. ಅದೇ ದಾರಿಯಲ್ಲಿ ಕಳ್ಳರೂ ಬಂದರು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಯಿಂದ ದುಡ್ಡು ಹೋದ ದೂರುಗಳು ಬಂದವು, ಪತ್ರದಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದ್ದಾರೆ ಅನ್ನುವ ಅನುಮಾನ ಎದ್ದಿತು. ಇದಕ್ಕೆ ಮದ್ದು ಮೈಆಧಾರ್ ಪೋರ್ಟಲಿನಲ್ಲಿರುವ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿಗೆ ಹಾಕುವ ಬೀಗ. ಆದರೆ ಮನೆಯಲ್ಲಿ ಅಜ್ಜಿಯೋ ಅಮ್ಮನೋ ಹೆಬ್ಬೆಟ್ಟು ಒತ್ತಿ ರೇಷನ್ ತರುತ್ತಿದ್ದರೆ, ಅವರಿಗೆ ಹೇಳದೆ ಲಾಕ್ ಮಾಡಿ ಬರಬೇಡಿ. ನ್ಯಾಯಬೆಲೆ ಅಂಗಡಿಯಲ್ಲಿ ಮಿಷನ್ ಒಪ್ಪದೆ, ಬಿಸಿಲಲ್ಲಿ ನಿಂತು, ಅಕ್ಕಿ ಇಲ್ಲದೆ ವಾಪಸ್ ಬರುವವರು ಅವರು, ನೀವಲ್ಲ. ಸ್ವಲ್ಪ ಹೊತ್ತಿಗೆ ಮಾತ್ರ ಅನ್‌ಲಾಕ್ ಮಾಡುವ ಆಯ್ಕೆ ಇದೆ, ಓಟಿಪಿ ಬರುವ ಫೋನ್ ಯಾರ ಕೈಯಲ್ಲಿದೆ ನೋಡಿಕೊಂಡು ಮುಂದುವರಿಯಿರಿ. ದುಡ್ಡು ಹೋಗೇಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೈಗುಳ ಆಮೇಲೆ.

ವಿಮಾನ ನಿಲ್ದಾಣದ ಡಿಜಿಯಾತ್ರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿ ಜೊತೆ ಬೆಂಗಳೂರಿನಲ್ಲೂ ಶುರುವಾಯಿತು. ಮುಖ ತೋರಿಸಿದರೆ ಗೇಟು ತೆರೆಯುತ್ತದೆ, ಸಾಲು ಚಿಕ್ಕದು. ಇದು ಕಡ್ಡಾಯ ಅಲ್ಲ, ಐಡಿ ಮತ್ತು ಬೋರ್ಡಿಂಗ್ ಪಾಸ್ ತೋರಿಸಿ ಹೋಗುವ ಸಾಲು ಪಕ್ಕದಲ್ಲೇ ಇರುತ್ತದೆ. ಬಾಗಿಲ ಬಳಿ ಯಾರಾದರೂ ‘ಇಲ್ಲಿ ನೋಡಿ’ ಅಂತ ಕ್ಯಾಮೆರಾ ಹಿಡಿದರೆ ‘ನಾನು ಮಾಮೂಲಿ ಸಾಲಿಗೆ’ ಅಂದು ನಡೆಯಿರಿ. ಬಳಸುವವರು ಬಳಸಲಿ, ಅದು ಅವರ ಇಷ್ಟ.

ಅಪಾರ್ಟ್‌ಮೆಂಟ್ ಗೇಟು

ಕಷ್ಟ ಇರುವುದು ಇಲ್ಲಿ. ಅಂಗಡಿಯಲ್ಲಿ ಬೇಡ ಅಂದು ಹೊರಟುಬಿಡಬಹುದು, ಇಲ್ಲಿ ಹೊರಗಿರುವುದು ಸೆಕ್ಯುರಿಟಿ, ಒಳಗಿರುವುದು ನಿಮ್ಮದೇ ಮನೆ, ಮತ್ತು ನಿಯಮ ಮಾಡುವವರು ನಾಳೆ ಲಿಫ್ಟಿನಲ್ಲಿ ಸಿಗುವ ಅಂಕಲ್. ಬಂದವರ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸುವ ಗೇಟ್ ಆ್ಯಪ್ ಬಂದ ಮೇಲೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವಾಗ ಹೋದರು ಎಲ್ಲ ದಾಖಲೆ. ಹಳೇ ರಿಜಿಸ್ಟರ್ ಒಳ್ಳೆಯದಿತ್ತು ಅಂತಲ್ಲ. ಆ ಪುಸ್ತಕದಲ್ಲಿ ಹಿಂದೆ ಬಂದವರ ನಂಬರ್ ಎಲ್ಲ ಬಂದವರೆಲ್ಲ ಓದಬಹುದಿತ್ತು.

ಅಸೋಸಿಯೇಷನ್ ಮೀಟಿಂಗಿನಲ್ಲಿ ಇದನ್ನು ಎತ್ತುವುದಾದರೆ ‘ಖಾಸಗಿತನ’, ‘ಹಕ್ಕು’ ಅಂತ ಶುರು ಮಾಡಬೇಡಿ, ಅರ್ಧ ಜನ ಫೋನ್ ತೆಗೆಯುತ್ತಾರೆ. ‘ನಮ್ಮ ಮಗಳು ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾಳೆ ಅನ್ನುವ ಪಟ್ಟಿ ಯಾರ ಯಾರ ಫೋನಿನಲ್ಲಿ ಕಾಣುತ್ತದೆ?’ ಅಂತ ಕೇಳಿ. ಆಗ ಎಲ್ಲರೂ ಕಿವಿ ಕೊಡುತ್ತಾರೆ. ಆಮೇಲೆ ಒಂದೊಂದಾಗಿ: ಫೋಟೋ ಎಷ್ಟು ದಿನ ಇಡುತ್ತಾರೆ, ಯಾರು ಅಳಿಸುತ್ತಾರೆ, ಕಂಪನಿ ಬದಲಾಯಿಸಿದರೆ ಹಳೆಯದು ಏನಾಗುತ್ತದೆ, ಆ್ಯಪ್ ಬೇಡ ಅಂದ ಮನೆಗೆ ಇಂಟರ್‌ಕಾಮ್ ಮಾಡುತ್ತಾರಾ.

‘ನಮ್ಮ ಹತ್ರ ಬಚ್ಚಿಡೋಕೆ ಏನಿದೆ ಬಿಡ್ರೀ’ ಅನ್ನುವವರು ಒಬ್ಬರು ಎದ್ದೇ ಏಳುತ್ತಾರೆ. ಅವರಿಗೆ 2025ರ ಜುಲೈ ನೆನಪಿಸಿ. ಯುಪಿಐ ಬಂದಾಗ ಬೇಕರಿಯವರು, ತರಕಾರಿಯವರು ಬಚ್ಚಿಡುವುದೇನು ಅಂತ ಕ್ಯೂಆರ್ ಕೋಡ್ ಅಂಟಿಸಿದರು. ವಾಣಿಜ್ಯ ತೆರಿಗೆ ಇಲಾಖೆ ಅದೇ ಲೆಕ್ಕ ತರಿಸಿಕೊಂಡು, ವರ್ಷಕ್ಕೆ ಜಿಎಸ್‌ಟಿ ನೋಂದಣಿಯ ಮಿತಿಯಾದ 40 ಲಕ್ಷ ದಾಟಿದ್ದೀರಿ ಅಂತ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಬೋರ್ಡು ಬಿತ್ತು. ತೆರಿಗೆ ಕಟ್ಟಬೇಕೋ ಬೇಡವೋ ಅನ್ನುವುದು ಬೇರೆ ವಾದ, ಕಟ್ಟಬೇಕಾದವರು ಕಟ್ಟಲೇಬೇಕು ಅನ್ನುವವನು ನಾನು. ಆದರೆ ಒಂದು ಕೆಲಸಕ್ಕೆ ಕೂಡಿಟ್ಟ ಲೆಕ್ಕವನ್ನು ಇನ್ನೊಬ್ಬರು ಇನ್ನೊಂದು ಕೆಲಸಕ್ಕೆ ಓದುತ್ತಾರೆ, ಅದನ್ನು ಅವರಿಗೆ ತಿಳಿಸಿ.

ನನಗೆ ತೀರಾ ಕಸಿವಿಸಿ ಆಗುವುದು ಮನೆಗೆಲಸದವರ ವಿಷಯ. ಎಷ್ಟೋ ಕಡೆ ಅವರ ಫೋಟೋ, ಯಾವ ಯಾವ ಮನೆಗೆ ಹೋಗುತ್ತಾರೆ, ಎಷ್ಟು ಗಂಟೆಗೆ ಬಂದರು, ಕೆಲವು ಆ್ಯಪ್‌ನಲ್ಲಿ ಐದಕ್ಕೆ ಎಷ್ಟು ಸ್ಟಾರ್ ಅಂತ ಕೂಡ. ನಾವು ನಂಬರ್ ಕೊಡುವುದೋ ಬೇಡವೋ ಅಂತ ಯೋಚಿಸುತ್ತೇವೆ, ಆಯಮ್ಮನನ್ನು ಯಾರೂ ಕೇಳಿಲ್ಲ. ಕೇಳಿದರೂ ಅವರು ಬೇಡ ಅಂದರೆ ಗೇಟಿನಾಚೆ ಕೆಲಸವಿಲ್ಲದೆ ನಿಲ್ಲಬೇಕು. ಮೀಟಿಂಗಿನಲ್ಲಿ ಒಂದೇ ಒಂದು ಗೆಲ್ಲುವುದಾದರೆ ಇದನ್ನು ಗೆಲ್ಲಿ: ಕೆಲಸದವರಿಗೆ ಸ್ಟಾರ್ ಕೊಡುವುದನ್ನು ನಿಲ್ಲಿಸಿ, ಕೆಲಸ ಬಿಟ್ಟವರ ಫೋಟೋ ಅಳಿಸಿ.

ಕಾನೂನು ಬೆನ್ನಿಗಿದೆಯಾ ಅಂತ ಕೇಳಿದರೆ, ಇದೆ, ನಿಧಾನವಾಗಿ ಬರುತ್ತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ. ಯಾಕೆ ಬೇಕು ಅಂತ ಹೇಳಿ ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲು ದಾರಿ ಇರಬೇಕು ಅನ್ನುವುದು ಅದರ ತಿರುಳು. ಅಸೋಸಿಯೇಷನ್ ಸೆಕ್ರೆಟರಿಗೆ ಇಷ್ಟು ಹೇಳಿದರೆ ಸಾಕು, ವಕೀಲರ ನೋಟಿಸಿನ ಬೆದರಿಕೆ ಹಾಕಬೇಡಿ. ಅದೇ ಜನರ ಜೊತೆ ಗಣಪತಿ ಹಬ್ಬ ಮಾಡಬೇಕು. ಮೀಟಿಂಗ್ ಮುಗಿಯುವ ಮುಂಚೆ, ಫೋಟೋ ಎಷ್ಟು ದಿನಕ್ಕೆ ಅಳಿಸುತ್ತಾರೆ ಅನ್ನುವುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಬರೆಸದಿದ್ದರೆ ಮುಂದಿನ ಕಮಿಟಿ ‘ಹಾಗೆ ಯಾರೂ ಹೇಳೇ ಇಲ್ವಲ್ಲ’ ಅನ್ನುತ್ತದೆ.